ಸೋಬಾನದ ಮೇಲೆ ಕೂಗಿದ ಸೂಗಪ್ಪ

ಕುಷಾಯಿಗೂಡದಲ್ಲಿ ಸೂಗಪ್ಪನ ಕ್ಯಾಸೆಟ್ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಳಗೆ ಕೂತಾಗ ಸಿಟ್ಟು ಬಂದರೆ ಮೀಸೆ ತಿರುವಲು ಅವನು ಹೊರಗೆ ಬರಬೇಕಿತ್ತು. ಲಿಂಗಸೂಗೂರು ಕಡೆಯ ಮನುಷ್ಯ. ದನಿಯೋ, ಅವನು ಒಮ್ಮೆ ಆಕಳಿಸಿದರೆ ಚಾರ್ಮಿನಾರಿನ ಪಾರಿವಾಳಗಳು ಗೋಲ್ಕೊಂಡಕ್ಕೆ ಗುಳೆ ಹೋಗುತ್ತಿದ್ದವು.

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಅಣಬೆಗೂ ನಾಚಿಕೆಯಾಗುವಂತೆ ಏಳುತ್ತಿದ್ದ ಕಾಲ. ಅವುಗಳಿಗೆ ಮಣ್ಣು, ಸಿಮೆಂಟು ಹೊರಲು ಬಂದ ನಮ್ಮ ಕಡೆಯ ಜನ ಭಾನುವಾರ ಬಸ್ಸು ಹಿಡಿದು ಸೂಗಪ್ಪನಲ್ಲಿಗೆ ಬರುತ್ತಿದ್ದರು. ಕೇಳುತ್ತಿದ್ದದ್ದು ಶಿವದೇವಿ ಎಂಬ ಹಾಡುಗಾರ್ತಿಯ ಸೋಬಾನ ಪದ, ಮದುವೆಯಲ್ಲಿ ಹೆಂಗಸರು ಹಾಡುವಂಥವು. ಅವನ್ನು ಹಾಡಿಸಿದ್ದ ಸಣ್ಣ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮೂಲ ಟೇಪುಗಳನ್ನು ಇಲಿ ತಿಂದು, ಆ ಇಲಿಗಳ ಮರಿಮಕ್ಕಳೂ ಸತ್ತಿದ್ದವು. ಯಾವುದೋ ಸಂತೆಯಲ್ಲಿ ಕೊಂಡ ಕಂಪನಿಯ ಒಂದು ಕ್ಯಾಸೆಟ್ ಮಾತ್ರ ಸೂಗಪ್ಪನ ಹತ್ತಿರ ಉಳಿದಿತ್ತು. ಅದನ್ನೇ ನಕಲು ಮಾಡಿ ಮಾರುತ್ತಿದ್ದ.

"ಇದು ಕಳವಲ್ಲೇನಲೇ?" ಎಂದು ಪಕ್ಕದ ಚಹಾದಂಗಡಿಯ ಬಸವಲಿಂಗಪ್ಪ ಕೆಣಕುತ್ತಿದ್ದ.

"ಸತ್ತ ಕಂಪನಿದು ಹೆಂಗ ಕಳವಾಕೈತಿ? ನಾ ಹಾಡು ಉಳಿಸಾಕತ್ತೀನಿ."

"ಹಾಡಿದಾಕಿ ಸತ್ತಿಲ್ಲಲ್ಲ. ಆಕಿಗೇನು ಕೊಟ್ಟಿ?"

"ಆಕಿ ಎಲ್ಲಿದಾಳೋ ಯಾರಿಗೊತ್ತು?" ಎಂದು ಸೂಗಪ್ಪ ಮಾತನ್ನು ಚಹಾದಲ್ಲಿ ಅದ್ದಿ ನುಂಗಿಬಿಡುತ್ತಿದ್ದ.

ಆದರೆ ನಕಲು ಮಾಡುವವನಿಗೇ ನಕಲಿನ ಭಯ ಹೆಚ್ಚು. ಬೇರೆ ಅಂಗಡಿಯವರು ತನ್ನ ಮಾಲು ಕದಿಯಬಾರದೆಂದು, ಮೊದಲನೆಯ ನಕಲಿನಲ್ಲೇ ಅವನು ಮೈಕು ಹಿಡಿದಿದ್ದ. ಶಿವದೇವಿ ಹಾಡುತ್ತಿರುವಾಗಲೇ ಅವಳ ದನಿಯ ಮೇಲೆ, ಹಾಡಿಗೊಂದು ಸಲ, "ಸೂಗಪ್ಪ ಕ್ಯಾಸೆಟ್ಸ್, ಕುಷಾಯಿಗೂಡ!" ಎಂದು ಕೂಗಿದ್ದ. ಆಮೇಲೆ ಕೂಗಿಲ್ಲದ ಆ ಹಳೆ ಕ್ಯಾಸೆಟ್ ಯಾರಾದರೂ ಹಾರಿಸಿಕೊಂಡು ಹೋದರೆ ಎಂಬ ಚಿಂತೆ ಹತ್ತಿತು. ಯಾರೂ ಅಳಿಸಬಾರದೆಂದು ಕಂಪನಿಯವರು ಅದರ ಮೂಲೆಯ ಚಕ್ಕೆ ಮುರಿದಿದ್ದರು. ಸೂಗಪ್ಪ ಆ ಕಿಂಡಿಗೆ ಕಾಗದ ಅಂಟಿಸಿ, ರೆಕಾರ್ಡ್ ಗುಂಡಿ ಒತ್ತಿ, ಎಲ್ಲವನ್ನೂ ಅಳಿಸಿಬಿಟ್ಟ. ಆಮೇಲಿನ ನಕಲುಗಳೆಲ್ಲ ಅವನು ಕೂಗಿದ್ದ ನಕಲಿನಿಂದಲೇ.

ಒಂದು ಭಾನುವಾರ ಕೊಂಡಾಪುರದ ಕಟ್ಟಡವೊಂದರಲ್ಲಿ ಬುಟ್ಟಿ ಹೊರುವ ಹುಡುಗಿ ಬಂದು ನಿಂತಳು.

"ನಾ ಭಾಗ್ಯಶ್ರೀ ರೀ, ಕಾಕಾ. ಶಿವದೇವಿ ಮಗಳು. ಅವ್ವ ಬ್ಯಾಸಿಗ್ಯಾಗ ತೀರಿಕೊಂಡ್ಳು."

ಸೂಗಪ್ಪನ ಮೀಸೆ ನೀರು ಕಾಣದ ಪುಂಡಿಪಲ್ಯದಂತೆ ಬಾಡಿತು.

"ಊರ ಮಂದಿ ಮದ್ವಿಗೆಲ್ಲ ಆಕಿ ಹಾಡ್ಯಾಳ್ರಿ. ನನ್ನ ಅರಿಷಿಣಕ್ಕೂ ಆಕಿ ದನಿ ಬೇಕು. ನಿಮ್ಮ ಕೂಗು ಇಲ್ಲದ್ದು ಒಂದು ಕೊಡ್ರಿ."

"ಇಲ್ಲ ಯವ್ವಾ. ಅದನ್ನ ನಾನ ಅಳಿಸೀನಿ."

"ಹಾಡು ಉಳಿಸಾಕತ್ತೀನಿ ಅಂತೀರಂತಲ್ರಿ?"

ಸೂಗಪ್ಪ ಕಾಗದ ಅಂಟಿಸಿದ ಆ ಖಾಲಿ ಕ್ಯಾಸೆಟ್ ತೆಗೆದು ತೋರಿಸಿದ. ಅವಳು, "ಇದ್ದದ್ದನ್ನ ಅವತ್ತ ತರ್ರಿ ಮತ್ತ" ಎಂದು ಹೋದಳು.

ಅರಿಷಿಣದ ದಿನ ಕೂಲಿಯವರ ತಗಡಿನ ಶೆಡ್ಡುಗಳ ನಡುವೆ ಸೂಗಪ್ಪ ತಾನೇ ಟೇಪ್ ರೆಕಾರ್ಡರ್ ಹೊತ್ತು ತಂದು ಅದರ ಪಕ್ಕದಲ್ಲೇ ಕೂತ. ಕೂಗು ಬರುವ ಜಾಗಗಳೆಲ್ಲ ಅವನಿಗೆ ಬಾಯಿಪಾಠ. ಬರುವ ಮೊದಲೇ ಗುಂಡಿ ತಿರುವಿ ದನಿ ಇಳಿಸುತ್ತಿದ್ದ, ದಾಟಿದ ಮೇಲೆ ಏರಿಸುತ್ತಿದ್ದ. ಕೂಗೇನೋ ಹೋಯಿತು, ಜೊತೆಗೆ ಶಿವದೇವಿಯೂ ಹೋದಳು. ಸಾಲು ನಡುವೆ ಕಡಿದಾಗ ಅರಿಷಿಣ ಹಚ್ಚುವ ಕೈಗಳು ನಿಂತವು. ತುಂಬಿಕೊಡಲು ಯಾವ ಹೆಂಗಸಿಗೂ ಆ ಸಾಲು ಬಾರದು. ಅವರೆಲ್ಲ ಕಲಿತದ್ದು ಈ ಕ್ಯಾಸೆಟ್ಟಿನಿಂದಲೇ.

"ಕಾಕಾ, ಇಳಿಸಬ್ಯಾಡ್ರಿ" ಎಂದಳು ಭಾಗ್ಯಶ್ರೀ.

"ನನ್ನ ಕೂಗು ಬರತೈತಿ, ಯವ್ವಾ."

"ಬರಲಿ. ಅದರ ಕೆಳಗ ಅವ್ವ ಅದಾಳ."

ಸೂಗಪ್ಪ ಗುಂಡಿಯಿಂದ ಕೈ ತೆಗೆದ. ಮುಂದಿನ ಪದದ ನಡುವೆ ಅವನ ಹೆಸರು, ಅಂಗಡಿ, ಓಣಿ ಎಲ್ಲ ಶೆಡ್ಡಿನ ತಗಡು ಅದುರುವಂತೆ ಬಂತು. ಗಂಡಿನ ಕಡೆಯ ಹುಡುಗಿಯರು ಕಿಸಕ್ಕನೆ ನಕ್ಕರು. ಭಾಗ್ಯಶ್ರೀ ಅರಿಷಿಣದ ಮುಖವನ್ನು ಟೇಪಿಗೆ ತಾಗುವಷ್ಟು ಬಗ್ಗಿಸಿ, ಆ ಅರಚಾಟದ ಅಡಿಯಲ್ಲಿ ಕಿವಿಯಿಂದ ಹುಡುಕುತ್ತಿದ್ದಳು.