ಹುಳ ಮುಟ್ಟಿದ ಬಣ್ಣ

ಮೂವತ್ತು ವರ್ಷ ನಾನು ಹೊಗೆಸೊಪ್ಪಿನ ಬಣ್ಣ ನೋಡಿ ಅನ್ನ ತಿಂದವನು. ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗಳಲ್ಲಿ ಬೇಲು, ಎಂದರೆ ಸೊಪ್ಪಿನ ಕಟ್ಟು, ಬಿಚ್ಚಿಸಿ, ಒಂದು ಎಲೆಯನ್ನು ಬೆಳಕಿಗೆ ಹಿಡಿದು, ಇದು ನಿಂಬೆ ಹಳದಿ, ಇದು ಕಿತ್ತಳೆ, ಇದು ಕಂದು ಬಣ್ಣಕ್ಕೆ ತಿರುಗಿದ್ದು ಎಂದು ದರ್ಜೆ ಗೊತ್ತುಮಾಡುವುದು ನನ್ನ ಉದ್ಯೋಗವಾಗಿತ್ತು. ರೈತರು ನನ್ನ ಮೇಲೆ ಸಿಟ್ಟಾದದ್ದುಂಟು. ನನ್ನ ಕಣ್ಣಿನ ಮೇಲೆ ಮಾತ್ರ ಯಾರೂ ಅನುಮಾನಪಟ್ಟಿರಲಿಲ್ಲ. ಆ ಅನುಮಾನವನ್ನು ಮೊದಲು ಬಾಯಿಬಿಟ್ಟು ಆಡಿದವನು ಹುಣಸೂರಿನ ಒಬ್ಬ ಸ್ಟುಡಿಯೋದವನು. ಅವನ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ಅದನ್ನು ಬರೆಯಬೇಕಾದರೆ, ಅವನಿಗೆ ನಾನು ಮೊದಲು ಆಡಿದ್ದನ್ನೂ ಬರೆಯಬೇಕಾಗುತ್ತದೆ.

ನಿವೃತ್ತನಾದ ಮೇಲೆ ಮನೆಗೊಂದು ಹಳೆಯ ಕಂಪ್ಯೂಟರ್ ತಂದಿದ್ದೆ. ಪೇಟೆಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ಟೀಚರಮ್ಮನೊಬ್ಬರು ತಮ್ಮಲ್ಲಿದ್ದ ಯಂತ್ರಗಳನ್ನು ಬದಲಾಯಿಸುವಾಗ ಒಂದನ್ನು ನನಗೆ ಕೊಟ್ಟಿದ್ದರು. ಟಿವಿಗೆ ತಂತಿ ಎಳೆಯಲು ಅನುಕೂಲವಾದ ಗ್ರಾಫಿಕ್ಸ್ ಕಾರ್ಡೊಂದನ್ನು ಅದಕ್ಕೆ ಕೂರಿಸಿ, ಪತ್ರಿಕೆಯೊಂದಿಗೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ ಹಾಕಿಕೊಟ್ಟರು. ಹಾಡು, ಚಿತ್ರ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಟಿವಿಯಲ್ಲಿ ನೋಡುವುದು ನನ್ನ ಉದ್ದೇಶ. ಪಕ್ಕದ ಮನೆಯವರು ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ಬಾಗಿಲಲ್ಲಿ ನಿಂತು ಒಂದು ಕ್ಷಣ ನೋಡಿ, "ಪುಗಸಟ್ಟೆ ಸಿಕ್ಕಿದ್ದು ಅಂದ್ರೆ ಗ್ರೇಡರ್ರು ಅದಕ್ಕೂ ಒಂದು ದರ್ಜೆ ಹಾಕ್ಬುಡ್ತಾರೆ" ಎಂದು ನಕ್ಕು ಹೋದರು. ಅದೂ ನೆನಪಿದೆ.

ನಿಜವಾದ ಉದ್ದೇಶ ಅಕ್ಕ. ಅವಳು ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆ ಕಡೆಯ ಹಳ್ಳಿಗೆ ಕೊಟ್ಟಿದ್ದೆವು. ಭಾವ ಹೋದ ಮೇಲೆ ವರ್ಷಕ್ಕೆ ಒಂದೆರಡು ತಿಂಗಳು ನಮ್ಮ ಮನೆಯಲ್ಲಿ ಇದ್ದು ಹೋಗುತ್ತಿದ್ದಳು. ಭಾವ ಹೋದದ್ದು ಹಾವು ಕಚ್ಚಿ. ನಮ್ಮ ಕಡೆ ಅದರ ಹೆಸರು ಹಿಡಿದು ಹೇಳುವುದಿಲ್ಲ. ಹುಳ ಎನ್ನುತ್ತೇವೆ, ಕಚ್ಚಿತು ಎನ್ನದೆ ಮುಟ್ಟಿತು ಎನ್ನುತ್ತೇವೆ. ರಾಗಿ ಮೆದೆಯಲ್ಲಿ ಹುಳ ಮುಟ್ಟಿದವರನ್ನು ಅಕ್ಕ ಜೀಪಿನ ಹಿಂದೆ ತೊಡೆಯ ಮೇಲೆ ಮಲಗಿಸಿಕೊಂಡು ಕೋಟೆಯ ಆಸ್ಪತ್ರೆಗೆ ಬಂದಳು. ದಾರಿಯಲ್ಲೇ ತುಟಿ, ಆಮೇಲೆ ಮುಖವೆಲ್ಲ ನೀಲಿಯಾಯಿತು. ಅವಳು ಕೊನೆಗೆ ಕಂಡ ಗಂಡನ ಮುಖ ಅದು.

ಭಾವ ಫೋಟೋ ತೆಗೆಸಿಕೊಂಡವರಲ್ಲ. ಅವರು ನಡೆದಾಡುವುದು ಸೆರೆಯಾಗಿದ್ದದ್ದು ನಮ್ಮ ಗೃಹಪ್ರವೇಶದ ವೀಡಿಯೋ ಕ್ಯಾಸೆಟ್ಟೊಂದರಲ್ಲೇ. ಹೊಸ ಮನೆಯೊಳಕ್ಕೆ ಹಸು ಹೊಡೆದುಕೊಂಡು ಬಂದವರು ಅವರು. ಕ್ಯಾಸೆಟ್ ಹಾಕುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಅಂದು ಚಿತ್ರ ತೆಗೆದಿದ್ದ ಸ್ಟುಡಿಯೋದವನೇ ಅದನ್ನು ಸಿ.ಡಿ.ಗೆ ಇಳಿಸಿಕೊಟ್ಟ. ನಾನು ಮೊದಲು ಒಬ್ಬನೇ ನೋಡಬೇಕಾಗಿತ್ತು. ಎಲೆಯನ್ನು ಮುಟ್ಟಿ ನೋಡದೆ ದರ್ಜೆ ಹೇಳದ ನಾನು, ಅಂದು ನೋಡದೆಯೇ ಅಕ್ಕನನ್ನು ಕರೆದು ಟಿವಿಯ ಮುಂದೆ ಕೂರಿಸಿದೆ.

ಬಾಗಿಲ ತೋರಣ ಕಾಣಿಸಿತು. ಹಸು ಬಂತು. ಹಗ್ಗ ಹಿಡಿದ ಭಾವ ಬಂದರು. ಮುಖ, ಕತ್ತು, ಕೈ ಎಲ್ಲ ನೀಲಿ.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದಳು. "ಅದ್ಯಾಕ್ಲಾ ಅಂಗೇ ತೋರುಸ್ತೀಯ ಅವ್ರ್ನ? ನಾನ್ ನೋಡಿರೋದ್ ಸಾಲ್ದಾ?" ಎಂದು ಒಳಗೆ ಹೋದವಳು ಮಧ್ಯಾಹ್ನ ಊಟಕ್ಕೂ ಹೊರಗೆ ಬರಲಿಲ್ಲ.

ನಾನು ಸಿ.ಡಿ. ಕಿತ್ತುಕೊಂಡು ನೇರವಾಗಿ ಸ್ಟುಡಿಯೋಗೆ ನಡೆದೆ. ಪಾಸ್‌ಪೋರ್ಟ್ ಸೈಜಿಗೆಂದು ಮೂವರು ಬೆಂಚಿನ ಮೇಲೆ ಕಾದಿದ್ದರು. ಅವರೆದುರಿಗೇ, ಅವನು ಕ್ಯಾಸೆಟ್ಟನ್ನು ಹಾಳುಮಾಡಿದ್ದಾನೆಂದೂ, ಕೆಲಸ ಬಾರದವನು ಅಂಗಡಿ ತೆರೆಯಬಾರದೆಂದೂ ಹೇಳಿದೆ.

"ಯಜಮಾನ್ರೇ, ನಾನ್ ಕೊಡೋವಾಗ ಚೆನ್ನಾಗೇ ಇತ್ತು. ಕೂತ್ಕಳಿ, ಹಾಕ್ ತೋರುಸ್ತೀನಿ."

"ನನಗೇನೂ ತೋರಿಸಬೇಡಿ. ನಾನು ಕಣ್ಣಾರೆ ನೋಡಿದ್ದೇನೆ."

"ಅಂಗಾರೆ ಮೊದ್ಲು ಕಣ್ಣು ತೋರುಸ್ಕಳಿ. ವಯಸ್ಸಾದ್ಮೇಲೆ ಪೊರೆ ಬರೋದು ಸಹಜ ಕಣ್ರೀ" ಎಂದ. ಬೆಂಚಿನ ಮೇಲಿದ್ದವನೊಬ್ಬ ನಕ್ಕ. ನಾನು ಕೂರದೆ ಹೊರಟುಬಂದೆ.

ಮರುದಿನ ವಿಷಯ ತಿಳಿದು ಟೀಚರಮ್ಮ ಮನೆಗೆ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ, "ಸಾರ್, ಸಿ.ಡಿ.ನ ಬೇರೆ ಪ್ಲೇಯರಲ್ಲಿ ಹಾಕಿ ನೋಡಿದ್ರಾ?" ನೋಡಿರಲಿಲ್ಲ. ಪಕ್ಕದ ಮನೆಯ ಪ್ಲೇಯರಿನಲ್ಲಿ ಹಾಕಿದೆವು. ಭಾವನ ಮುಖ ಮನುಷ್ಯರ ಬಣ್ಣದಲ್ಲೇ ಇತ್ತು. ಅಂದರೆ ಸ್ಟುಡಿಯೋದವನದು ತಪ್ಪಿರಲಿಲ್ಲ, ನನ್ನ ಕಣ್ಣಿನದೂ ಅಲ್ಲ. ದೋಷ ನನ್ನ ಪೆಟ್ಟಿಗೆಯಲ್ಲಿತ್ತು. ಅಕ್ಕನನ್ನು ಅಲ್ಲಿಗೇ ಬಾ ಎಂದು ಕರೆದೆ. ಅವಳು ಬರಲಿಲ್ಲ.

"ನೀಲಿಯಾಗಿದ್ದು ಈ ಮನೇಲಿ. ಕಂಡೋರ್ ಮನೇಲಿ ಸರ್ಯಾಗಿದ್ರೆ ನಂಗೇನಾಯ್ತು? ಆ ನೀಲಿ ಹೋಗೋದಾದ್ರೆ ಇಲ್ಲೇ ಹೋಗ್ಬೇಕು."

ಅವಳನ್ನು ಸಮಾಧಾನಪಡಿಸಲು ಟೀಚರಮ್ಮ ಒಳ್ಳೆಯ ಮನಸ್ಸಿನಿಂದಲೇ ಸರಳ ಕನ್ನಡದಲ್ಲಿ ಹೇಳಿದರು: "ಏನಿಲ್ಲ ಅಮ್ಮಾ, ಇದಕ್ಕೆ ಬಗ್ ಅಂತಾರೆ. ಬಗ್ ಅಂದ್ರೆ ಹುಳ. ಚಿತ್ರ ತೋರ್ಸೋ ಡ್ರೈವರಿನಲ್ಲಿ ಹುಳ ಇದೆ, ಅದಕ್ಕೇ ನೀಲಿ."

ಅಕ್ಕ ಟಿವಿಯ ಕಡೆ ತಿರುಗಿದಳು. "ಅಲ್ಲಿಗೂ ಬಂತಾ ಅದು?"

ಟೀಚರಮ್ಮ ಮೈಸೂರಿನವರು, ಏನಾಯಿತೆಂದು ಅವರಿಗೆ ತಿಳಿಯಲಿಲ್ಲ. ನಾನು ಅವರಿಗೆ ಗೇಟಿನವರೆಗೂ ಹೋಗಿ ವಿವರಿಸಿದೆ. ಅವರ ಕಣ್ಣು ತುಂಬಿತು. "ಸಾರ್, ಇದನ್ನ ಸರಿಮಾಡ್ದೆ ನಾನು ಬಿಡಲ್ಲ" ಎಂದರು. ನನಗೆ ನೋವಾಗುವಂತೆ ಆಡಿದವರದೊಂದು ಪಟ್ಟಿ ನನ್ನ ಮನಸ್ಸಿನಲ್ಲಿದೆ, ಅದರಲ್ಲಿ ಅವರ ಹೆಸರಿನ ಮುಂದೆ ಏನನ್ನೂ ಬರೆದುಕೊಂಡಿಲ್ಲ.

ಡ್ರೈವರ್ ಎಂದರೆ ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ನಿಂತು ಮಾತು ಮುಟ್ಟಿಸುವ ತಂತ್ರಾಂಶ. ಅದು ಸರಿಯಿಲ್ಲವೆಂದು ಕೇಳಿದ ಪಕ್ಕದ ಮನೆಯವರು, "ನಮ್ಮ ಡಿಪೋದಲ್ಲಿ ಒಬ್ಬ ಒಳ್ಳೆ ಡ್ರೈವರ್ ಇದಾನೆ, ಬರೇಳ್ಲಾ?" ಎಂದರು. ನಾನು ನೋಟ್‌ಬುಕ್ ತೆಗೆದು ಅದೇ ಚಿತ್ರವನ್ನು ಹಾಕಿ, ಹರಾಜು ಕಟ್ಟೆಯಲ್ಲಿ ಮಾಡುತ್ತಿದ್ದಂತೆ ಬಣ್ಣಗಳನ್ನು ಬರೆದುಕೊಂಡೆ. ಹಸುವಿನ ಹಣೆಯ ಕುಂಕುಮ ನೀಲಿ. ಹೊಸ್ತಿಲ ಅರಿಶಿನ ತಿಳಿನೀಲಿ. ನೀಲಿ ಶಾಮಿಯಾನ ಕೆಂಪು. ಮಾವಿನ ಸೊಪ್ಪು ಮಾತ್ರ ಹಸಿರೇ. ಪಂಚೆ ಬಿಳಿಯೇ. ಟೇಪು ಹಾಳಾಗಿದ್ದರೆ ಎಲ್ಲವೂ ಮಾಸಬೇಕಿತ್ತು. ಇಲ್ಲಿ ಯಾವುದೂ ಮಾಸಿರಲಿಲ್ಲ. ಕೆಂಪೂ ನೀಲಿಯೂ ತಮ್ಮ ಜಾಗ ಅದಲುಬದಲು ಮಾಡಿಕೊಂಡಿದ್ದವು. ನಿಂತ ಚಿತ್ರಗಳಲ್ಲಿ ಈ ದೋಷ ಇರಲಿಲ್ಲ, ಚಲಿಸುವ ಚಿತ್ರಗಳಲ್ಲಿ ಮಾತ್ರ ಇತ್ತು.

ಮೊದಲು ಟೀಚರಮ್ಮನೂ ನಾನೂ ಸೇರಿ, ಕಂಪ್ಯೂಟರಿನಲ್ಲಿ ಚಿತ್ರ ಆಡಿಸುವ ತಂತ್ರಾಂಶದ ಸೆಟ್ಟಿಂಗ್ ಬದಲಾಯಿಸಿ, ಕಾರ್ಡಿನ ಸಹಾಯವಿಲ್ಲದೆ ಚಿತ್ರ ತೋರಿಸುವಂತೆ ಮಾಡಿದೆವು. ಬಣ್ಣ ಸರಿಯಾಯಿತು, ಆದರೆ ಹಳೆಯ ಯಂತ್ರಕ್ಕೆ ಆ ಭಾರ ಹೊರಲಾಗಲಿಲ್ಲ. ಭಾವ ಒಂದು ಹೆಜ್ಜೆ ಇಟ್ಟು ನಿಲ್ಲುವರು, ಕೈ ಎತ್ತಿದಲ್ಲೇ ಉಳಿಯುವುದು. ಜೀಪಿನಲ್ಲಿ ಅವರ ಕೈಕಾಲು ಸೋತದ್ದನ್ನು ಕಂಡವಳಿಗೆ ಇದನ್ನು ತೋರಿಸುವುದು ನನ್ನಿಂದಾಗಲಿಲ್ಲ.

ಆಮೇಲೆ ಪರದೆಗೆ ಸಂಬಂಧಿಸಿದ ಸೂಚನೆಗಳಿರುವ, ಕಂಪ್ಯೂಟರಿನೊಳಗಿನ ಕಡತಕ್ಕೆ ಕೈಹಾಕಿದೆವು. ಮುಟ್ಟುವ ಮುನ್ನ ಅದರ ಒಂದೊಂದು ಸಾಲನ್ನೂ ನಾನು ಕೈಯಲ್ಲಿ ನಕಲು ಮಾಡಿಕೊಂಡೆ. ಒಳ್ಳೆಯದೇ ಆಯಿತು. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದದ್ದಕ್ಕೆ ಪರದೆಯೆಲ್ಲ ಕಪ್ಪಾಗಿ, ಮೂಲೆಯಲ್ಲಿ ಒಂದು ಗೆರೆ ಮಿಟುಕುತ್ತ ಉಳಿಯಿತು. ನೋಟ್‌ಬುಕ್ ನೋಡಿ ಹಳೆಯದನ್ನೇ ಮತ್ತೆ ಬರೆದು ಮೊದಲಿನ ಸ್ಥಿತಿಗೆ ತಂದೆವು. ಅಂದರೆ ಮತ್ತೆ ನೀಲಿಗೆ.

ಟೀಚರಮ್ಮ ಇಂಟರ್ನೆಟ್ಟಿನಲ್ಲಿ ಲಿನಕ್ಸ್ ಬಲ್ಲವರ ಒಂದು ಬಳಗಕ್ಕೆ ಪ್ರಶ್ನೆ ಕಳಿಸಿದರು. ಜೊತೆಗೆ ನನ್ನ ಬಣ್ಣದ ಪಟ್ಟಿಯನ್ನೂ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರು. ಮೊದಲು ಬಂದ ಉತ್ತರ ಒಂದೇ ಸಾಲಿನದು: ಕೈಪಿಡಿ ಓದಿ, ಆಮೇಲೆ ಕೇಳಿ. ಕೈಪಿಡಿಯನ್ನು ನಾನು ಟೀಚರಮ್ಮನಿಂದ ಪುಟ ಬಿಡದೆ ಓದಿಸಿಕೊಂಡಿದ್ದೆ. ಬರೆದವನು ಓದಿದ್ದನೇ ಎಂಬುದು ನನ್ನ ಅನುಮಾನ. ಆದರೆ ಎರಡನೆಯ ಉತ್ತರ ಬೇರೆ ಥರದ್ದು. ಯಾವ ದೇಶದವರೋ ತಿಳಿಯದು. ಹಸಿರು ಹಸಿರಾಗಿಯೇ ಉಳಿದಿದೆ ಎಂದು ಬರೆದದ್ದರಿಂದ ಕೂಡಲೇ ದೋಷ ಗೊತ್ತಾಯಿತೆಂದೂ, ಇಷ್ಟು ಚೆನ್ನಾಗಿ ಬಣ್ಣ ನೋಡಿದವರಾರೆಂದೂ ಕೇಳಿದ್ದರು. ಈ ಕಾರ್ಡಿನ ಡ್ರೈವರಿನಲ್ಲಿ ಆ ತಪ್ಪು ಇದ್ದದ್ದು ನಿಜ, ಹೊಸ ಆವೃತ್ತಿಯಲ್ಲಿ ತಿದ್ದಿದೆ ಎಂದಿದ್ದರು. ಆ ಉತ್ತರದ ಮುದ್ರಿತ ಪ್ರತಿ ಇನ್ನೂ ನನ್ನ ಬಳಿ ಇದೆ.

ಅದನ್ನು ಜೇಬಿನಲ್ಲಿಟ್ಟುಕೊಂಡು ನಾನು ಸ್ಟುಡಿಯೋಗೆ ಹೋದೆ. ಯಾರೂ ಇಲ್ಲದ ಹೊತ್ತು ನೋಡಿ ಹೋಗಬಹುದಿತ್ತು. ಬೆಂಚು ತುಂಬುವವರೆಗೂ ಎದುರಿನ ಅಂಗಡಿಯ ಬಳಿ ಕಾದು, ಆಮೇಲೆ ಒಳಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ.

"ಬುಡಿ ಯಜಮಾನ್ರೇ" ಎಂದ ಅವನು. "ಅಸ ಹಿಡ್ಕಂಡಿದ್ದೋರು ನಿಮ್ ಭಾವ ಅಲ್ವಾ? ನನ್ ತೆಗೀಬ್ಯಾಡ ಅಂತ ಬಯ್ದಿದ್ರು. ಅದಕ್ಕೇ ನಾನು ಅವ್ರನ್ನೇ ಜಾಸ್ತಿ ತೆಗ್ದೆ."

ಪೊರೆಯ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಹೊಸ ಡ್ರೈವರನ್ನು ಟೀಚರಮ್ಮ ಸಿ.ಡಿ.ಯಲ್ಲಿ ತಂದು ಹಾಕಿದ್ದು ಒಂದು ಬೆಳಿಗ್ಗೆ. ಅಕ್ಕ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಈ ಸಲ ಅಕ್ಕನನ್ನು ಕರೆಯುವ ಮುನ್ನ ಮೊದಲಿನಿಂದ ಕೊನೆಯವರೆಗೂ ನಾನೇ ನೋಡಿದೆ. ಆಮೇಲೂ ಕರೆಯಲು ಧೈರ್ಯವಾಗಲಿಲ್ಲ. ಅವಳೇ ಒಳಗಿನಿಂದ ಕೇಳಿದಳು.

"ಕುಂಕ್ಮ ಯಾವ ಬಣ್ಣ ಅದೆ?"

"ಕೆಂಪು, ಅಕ್ಕ."

"ಸರ್ಯಾಗ್ ನೋಡ್ಲಾ."

"ನೋಡಿದೆ. ಕೆಂಪೇ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು. "ಹುಳ ಹೋಯ್ತಾ?"

"ಹೋಯ್ತು."

ಅವಳು ಬಂದು ಕೂತಳು. ಮೊದಲು ಪರದೆಯನ್ನಲ್ಲ, ನನ್ನ ಮುಖವನ್ನು ನೋಡಿದಳು. ತೋರಣ, ಹಸು, ಹಗ್ಗ. ಭಾವ ಕ್ಯಾಮರಾದ ಕಡೆ ತಿರುಗಿ, "ನನ್ನೇನ್ ತೆಗೀತೀಯಪ್ಪಾ, ಅಸ ತೆಗಿ, ಅಸಾ" ಎಂದರು. ಅಕ್ಕನಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಟೀಚರಮ್ಮ ಎದ್ದು ಹೊರಗೆ ಹೋಗಿ ನಿಂತರು.

ಕಣ್ಣೊರೆಸಿಕೊಂಡ ಅಕ್ಕ ಪರದೆಯ ಹತ್ತಿರಕ್ಕೆ ಹೋಗಿ ಬಗ್ಗಿ ನೋಡಿದಳು. "ಇಷ್ಟು ಕೆಂಪಗಿರ್ನಿಲ್ಲ ಕಣ್ಲಾ ಅವ್ರು. ಕರಿಯರು. ಬಿಸ್ಲಲ್ಲಿ ಗೇದ ಮೈ."

ನಾನು ನೋಡಿದ್ದ ಬಣ್ಣದಲ್ಲಿ ತಪ್ಪಿರಲಿಲ್ಲ, ಹಾಗೆಂದು ಹೇಳಬಹುದಿತ್ತು. ಹೇಳದೆ, ಬಣ್ಣ ತಗ್ಗಿಸುವ ಗುಂಡಿಯನ್ನು ಒಂದೊಂದೇ ಅಂಕಿ ಕೆಳಗಿಳಿಸುತ್ತ ಹೋದೆ. ಅವಳು "ಇನ್ನೂ, ಇನ್ನೊಸಿ" ಎನ್ನುತ್ತ ಹೋದಳು. ಬೇರೊಬ್ಬರು ಹೇಳಿದ ದರ್ಜೆಯನ್ನು ನಾನು ಒಪ್ಪಿ ಬರೆದುಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

"ಆಂ, ನಿಲ್ಸು" ಎಂದಳು ಅಕ್ಕ. "ಇವ್ರೇ. ಈಗ ಮೊದಲಿಂದ ಹಾಕು."