ಹಾರಿಹೋದ ಹಕ್ಕಿಗಳೂ ನಿಂತುಬಿಟ್ಟ ಕಾರೂ

ನನ್ನ ಹತ್ತಿರ ಖಾಲಿ ಕೊಂಬೆಗಳ ಒಳ್ಳೆಯ ಸಂಗ್ರಹವಿದೆ. ಹೊಂಗೆ, ಬೇವು, ಹುಣಸೆ, ಜಾಲಿ, ಯಾವ ಮರದ್ದು ಬೇಕು ಹೇಳಿ, ತೆಗೆದು ತೋರಿಸುತ್ತೇನೆ. ಎಲ್ಲವೂ ಬಲು ಸ್ಪಷ್ಟ. ಎಲೆಯ ನರಗಳನ್ನು ಕೂಡ ಎಣಿಸಬಹುದು. ಈ ಒಂದೊಂದು ಕೊಂಬೆಯ ಮೇಲೂ, ನಾನು ಗುಂಡಿ ಒತ್ತುವ ತನಕ, ಒಂದು ಹಕ್ಕಿ ಕೂತಿತ್ತು ಎಂದರೆ ನೀವು ನಂಬಬೇಕು. ನನ್ನ ಹೆಂಡತಿ ಗಿರಿಜಾ ನಂಬುವುದಿಲ್ಲ. ನೀವಾದರೂ ನಂಬುತ್ತೀರೇನೋ ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಬೇಡಿಕೆ ಇದ್ದಲ್ಲಿ ಪೂರೈಕೆ ತಾನಾಗಿಯೇ ಬರುತ್ತದೆ ಎಂದು ವರ್ಷಾನುಗಟ್ಟಲೆ ಮಕ್ಕಳಿಗೆ ಪಾಠ ಮಾಡಿದ್ದೇನೆ. ಕ್ಯಾಮೆರಾ ಕೊಂಡ ಮೇಲೆ ಆ ಪಾಠ ಮಾಡುವಾಗ ದನಿ ಸ್ವಲ್ಪ ತಗ್ಗುತ್ತದೆ. ಈ ಹವ್ಯಾಸ ಹಚ್ಚಿದವನು ಗೆಳೆಯ ನಯಾಜ್. ಬಸ್ ಸ್ಟ್ಯಾಂಡ್ ಹತ್ತಿರ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಡಾಕ್ಟರು ದಿನಾ ನಡೆಯಿರಿ ಎಂದಾಗ ನಾನು ಅವನ ಹತ್ತಿರ ಗೊಣಗಿದೆ. "ಬರೀ ಕೈಯಲ್ಲಿ ನಡೆದ್ರೆ ಬೋರಾಗುತ್ತೆ ಮೇಷ್ಟ್ರೇ, ಒಂದು ಕ್ಯಾಮೆರಾ ತಗೊಂಬುಡಿ" ಎಂದ. ಬೇರೆ ಯಾರಾದರೂ ಆಗಿದ್ದರೆ ಒಂದು ಊರುಗೋಲು ಹೇಳುತ್ತಿದ್ದರು. ಕನ್ನಡಕ ಮಾರುವವನ ತಲೆ ಗಾಜಿನ ಕಡೆಗೇ ಓಡುತ್ತದೆ.

ಇನ್ನು ಮರಳೂರಿನ ನಮ್ಮ ಮನೆಯ ವಿಚಾರ ಹೇಳಬೇಕು. ಗೃಹಪ್ರವೇಶಕ್ಕೆ ಮುಂಚೆಯೇ ಹಾಲ್‌ನ ಗೋಡೆಯ ನಟ್ಟನಡುವೆ ಒಂದು ಮೊಳೆ ಹೊಡೆಸಿದ್ದೆ. ಬಂದವರಿಗೆಲ್ಲ, "ಇಲ್ಲಿ ನಾನೇ ತೆಗೆದ ಫೋಟೋ ಬರುತ್ತೆ" ಎಂದು ಜಂಬ ಕೊಚ್ಚಿದ್ದೂ ಆಯಿತು. ಎರಡು ವರ್ಷವಾದರೂ ಮೊಳೆ ಬರಿದಾಗಿಯೇ ಇತ್ತು. ಅದೇ ಗೃಹಪ್ರವೇಶಕ್ಕೆ ಗಿರಿಜಾಳ ಚಿಕ್ಕಮ್ಮ ಕೊಟ್ಟಿದ್ದ ಒಂದು ಗಡಿಯಾರವಿದೆ. ಗಂಟೆಗೊಮ್ಮೆ ಪುಟ್ಟ ಬಾಗಿಲು ತೆರೆದು ಪ್ಲಾಸ್ಟಿಕ್ ಹಕ್ಕಿ ಹೊರಗೆ ಬಂದು ಕೂಗಿ ಒಳಗೆ ಹೋಗುತ್ತದೆ. ಒಂದು ದಿನ ಗಿರಿಜಾ ಅದನ್ನು ಡಬ್ಬದಿಂದ ತೆಗೆದು ಒರೆಸುತ್ತಾ ತೀರ್ಪು ಕೊಟ್ಟಳು.

"ಯುಗಾದಿವರೆಗೂ ನೋಡ್ತೀನಿ. ನೋಡೋ ಹಾಗಿರೋ ಒಂದು ಫೋಟೋ ತನ್ನಿ. ಇಲ್ಲಾಂದ್ರೆ ಮೊಳೆಗೆ ಈ ಗಡಿಯಾರ, ನಿಮ್ಮ ಕ್ಯಾಮೆರಾ ಅಟ್ಟಕ್ಕೆ. ಈ ಹಕ್ಕಿ ಟೈಮಿಗೆ ಸರಿಯಾಗಿ ಬಂದು ಕೂಗುತ್ತೆ ಕಣ್ರೀ. ನಿಮ್ಮ ಹಕ್ಕಿಗಳ ಥರ ಅಲ್ಲ."

ಅಟ್ಟ ಎಂದರೆ ನಮ್ಮ ಮನೆಯಲ್ಲಿ ಏನೆಂದು ನಿಮಗೆ ಗೊತ್ತಿಲ್ಲ. ಅದು ನನ್ನ ಹವ್ಯಾಸಗಳ ಮಸಣ. ನನ್ನ ಹಾರ್ಮೋನಿಯಂ ಅಲ್ಲಿದೆ, ಚೆಸ್ ಬೋರ್ಡು ಅಲ್ಲಿದೆ, ಬೊನ್ಸಾಯ್ ಮಾಡುತ್ತೇನೆಂದು ತಂದ ತಟ್ಟೆಯಂಥ ಕುಂಡಗಳೂ ಅಲ್ಲಿವೆ. ಒಮ್ಮೆ ಮೇಲೆ ಹೋದದ್ದು ಯಾವುದೂ ಕೆಳಗೆ ಬಂದ ಚರಿತ್ರೆಯಿಲ್ಲ. ಹಾರ್ಮೋನಿಯಂ ಹೋದಾಗ ನನಗೆ ಅಂಥ ದುಃಖವೇನೂ ಆಗಲಿಲ್ಲ; ಬೀದಿಯವರಿಗಂತೂ ಹಬ್ಬವಾಯಿತು. ಆದರೆ ಕ್ಯಾಮೆರಾ ಹಾಗಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಕೊರಳಿಗೆ ಹಾಕಿಕೊಂಡು ಗೂಳೂರಿನ ದಾರಿ ಹಿಡಿದರೆ ನಾನು ಮೇಷ್ಟ್ರೂ ಅಲ್ಲ, ಬಿ.ಪಿ. ಇರುವವನೂ ಅಲ್ಲ. ಅದನ್ನು ಕಳೆದುಕೊಳ್ಳುವುದು ನನ್ನಿಂದ ಸಾಧ್ಯವಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ದಂಡಯಾತ್ರೆ. ಕುಣಿಗಲ್ ಕೆರೆಗೆ ಹೋದೆವು. ಅಲ್ಲಿ ಒಂದು ಕೊಕ್ಕರೆ ತಪಸ್ವಿಯ ಹಾಗೆ ಒಂಟಿಕಾಲಲ್ಲಿ ನಿಂತಿತ್ತು. ನಾನು ಮಂಡಿಯೂರಿ, ಉಸಿರು ಬಿಗಿಹಿಡಿದು, ಗುಂಡಿ ಒತ್ತುವಷ್ಟರಲ್ಲಿ ನಯಾಜ್‌ಗೆ ಸೀನು ಬಂತು. ಆ ದಿನದ ಫೋಟೋದಲ್ಲಿ ನೀರಿದೆ, ನೀರಿನಲ್ಲಿ ಉಂಗುರವಿದೆ. ಗಿರಿಜಾ ಅದನ್ನು ನೋಡಿ, "ಇಷ್ಟಕ್ಕೆ ಕುಣಿಗಲ್‌ವರೆಗೂ ಹೋಗ್ಬೇಕಿತ್ತಾ? ನಮ್ಮ ಸಂಪಿನಲ್ಲೇ ಇತ್ತಲ್ಲ" ಎಂದಳು.

ಹುಲಿಯೂರುದುರ್ಗದ್ದು ಇನ್ನೂ ದೊಡ್ಡ ಕತೆ. ಬೆಟ್ಟದ ಬುಡದಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಅದರ ಮೇಲೆ ಉದ್ದನೆಯ ಲೆನ್ಸು ಕೂರಿಸಿ, ಬಂಡೆಯ ಮೇಲಿದ್ದ ಹದ್ದಿನ ಕಡೆ ಕಣ್ಣಿಟ್ಟಿದ್ದೆ. ಹಿಂದಿನಿಂದ ಒಬ್ಬ ಅಜ್ಜಿ ಬಂದು ನಿಂತದ್ದು ಗೊತ್ತಾಗಲಿಲ್ಲ.

"ರಸ್ತೆ ಈ ಕಡೀಕೇ ಬತ್ತದಾ ಸ್ವಾಮಿ?" ಎಂದಳು.

ತಪ್ಪು ಅವಳದ್ದಲ್ಲ. ನಮ್ಮ ಕಡೆ ಮೂರು ಕಾಲಿನ ಮೇಲೆ ಒಂದು ಯಂತ್ರವಿಟ್ಟು ಒಂದು ಕಣ್ಣು ಮುಚ್ಚಿ ನೋಡುವವನು ಸರ್ವೆಯವನೇ. ಇನ್ಯಾರಿಗೆ ಅಂಥ ಕೆಲಸವಿದೆ? ನಾನು ಹಕ್ಕಿ ನೋಡುವವನಮ್ಮ ಎಂದೆ. ಅವಳು ಸೊಟ್ಟ ನಗು ನಕ್ಕಳು. "ನಿಮ್ಮಂಗೆ ಎಲ್ರೂ ಅಂಗೇ ಅನ್ನಾದು. ಆಮ್ಯಾಲೆ ಜೆಸಿಬಿ ಬತ್ತದೆ. ನಂದೊಂದು ಹುಣಸೆಮರ ಅದೆ, ಅದುನ್ನ ವಸಿ ತಪ್ಸಿ ಸ್ವಾಮಿ." ನಾನು ಎಷ್ಟು ಆಣೆಯಿಟ್ಟರೂ ಅವಳು ಕೇಳಲಿಲ್ಲ. ಕೊನೆಗೆ ನಯಾಜ್ ಮುಂದೆ ಬಂದು, ಬೆಟ್ಟದ ಕಡೆ ಕೈ ಚಾಚಿ, "ಆಯ್ತು ಬುಡಮ್ಮ, ರಸ್ತೆ ಆ ಕಡೆಯಿಂದ ತಿರುಗ್ಸಿದೀವಿ. ನಿಮ್ಮ ಮರ ಸೇಫು" ಎಂದ. ಇಲ್ಲದ ರಸ್ತೆಯನ್ನು ಇಲ್ಲದ ಕಡೆಗೆ ತಿರುಗಿಸಿದ್ದಕ್ಕೆ ಅಜ್ಜಿ ಮಡಿಲಲ್ಲಿದ್ದ ಅವರೆಕಾಯಿಯನ್ನೆಲ್ಲ ನಮ್ಮ ಚೀಲಕ್ಕೆ ಸುರಿದಳು. ನಾನು ಲೆನ್ಸಿಗೆ ಕಣ್ಣು ಹಚ್ಚಿದಾಗ ಬಂಡೆ ಖಾಲಿ. ಗಿರಿಜಾ ಮಾತ್ರ ಆ ದಿನ ಸಂತೋಷಪಟ್ಟಳು. ಅವರೆಕಾಯಿ ಚೆನ್ನಾಗಿ ಸೊಗಡಾಗಿತ್ತು.

ಬರುವ ದಾರಿಯಲ್ಲಿ ನನಗೊಂದು ಜ್ಞಾನೋದಯವಾಯಿತು. ನಮ್ಮ ಸೀಮೆಯಲ್ಲಿ ಕ್ಯಾಮೆರಾ ಕಂಡರೆ ಮನುಷ್ಯರೆಲ್ಲ ನಿಲ್ಲುತ್ತಾರೆ. ಹೊಲದಲ್ಲಿ ಕಳೆ ಕೀಳುವವರು ಕುಡುಗೋಲು ಬಿಟ್ಟು ಎದ್ದು ನಿಲ್ಲುತ್ತಾರೆ. ಜಗಳವಾಡುತ್ತಿರುವವರು ಜಗಳ ನಿಲ್ಲಿಸಿ ತಲೆ ಬಾಚಿಕೊಳ್ಳುತ್ತಾರೆ. ಸ್ಟುಡಿಯೋ ಕಾಲದಿಂದ ರಕ್ತಕ್ಕೆ ಇಳಿದ ಮರ್ಯಾದೆ ಇದು. ಆಗ ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿ "ಅಲ್ಲಾಡ್ಬೇಡಿ" ಎಂದರೆ ಇಡೀ ವಂಶ ಉಸಿರು ಕಟ್ಟಿ ಕೂರುತ್ತಿತ್ತು. ನಮ್ಮ ತಾತನ ಮದುವೆ ಫೋಟೋ ನೋಡಿದರೆ ಎಲ್ಲರೂ ಈಗ ತಾನೇ ಕೆಟ್ಟ ಸುದ್ದಿ ಕೇಳಿದವರ ಹಾಗಿದ್ದಾರೆ. ಈ ಸಂಸ್ಕಾರ ಹಕ್ಕಿಗಳಿಗಿಲ್ಲ ಅಷ್ಟೆ.

ವೀರಗಲ್ಲುಗಳನ್ನೇ ನೋಡಿ. ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲೂ ಬೇಲಿಯ ಮರೆಯಲ್ಲಿ ಒಂದಲ್ಲ ಒಂದು ನಿಂತಿರುತ್ತದೆ. ಕುದುರೆ ನಾಲ್ಕೂ ಕಾಲೆತ್ತಿ ಹಾರುತ್ತಿದೆ, ವೀರ ಕತ್ತಿ ಬೀಸುತ್ತಿದ್ದಾನೆ, ಬಾಣ ಎದೆಗೆ ತಾಗುತ್ತಿದೆ. ಯಾವುದೂ ಮಸುಕಿಲ್ಲ. ಲೆನ್ಸಿಲ್ಲ, ಸ್ಟ್ಯಾಂಡಿಲ್ಲ, ಒಂದು ಉಳಿಯಲ್ಲಿ ಆ ಶಿಲ್ಪಿ ಅದನ್ನು ಹೇಗೆ ಹಿಡಿದ ಎಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಗುಬ್ಬಿಯಲ್ಲಿ ಸಿಕ್ಕಿತು.

ಗುಬ್ಬಿ ಗಿರಿಜಾಳ ತವರು. ಅವಳ ತಮ್ಮ ಶಿವು ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಡೆಸುತ್ತಾನೆ. ಅಂಗಡಿ ಅವನ ಹೊಟ್ಟೆಪಾಡು, ಪ್ರಾಣ ಮಾತ್ರ ಒಂದು ಹಳೆಯ ಚಿಕ್ಕ ಕಾರಿನಲ್ಲಿದೆ. ಅದರ ಸೀಟು ಕಿತ್ತು, ಸೈಲೆನ್ಸರ್ ಕಿತ್ತು, ಹೊಟ್ಟೆಗೆ ಕಬ್ಬಿಣ ಕಟ್ಟಿ, ಮಣ್ಣಿನ ಟ್ರ್ಯಾಕಿನ ರೇಸುಗಳಿಗೆ ಒಯ್ಯುತ್ತಾನೆ. ಯುಗಾದಿ ಇನ್ನೇನು ಬಂತು ಎನ್ನುವಾಗ ಊರಾಚೆಯ ನೀರಿಲ್ಲದ ಕೆರೆಯಂಗಳದಲ್ಲಿ ರೇಸು ಇಟ್ಟುಕೊಂಡರು. ಹಕ್ಕಿ ಕೈಕೊಟ್ಟರೇನು, ಭಾವಮೈದನ ಕಾರು ಇದೆಯಲ್ಲ ಎಂದು ನನಗೆ ಹೊಸ ಹುರುಪು ಬಂತು.

ಓಡುವ ಕಾರನ್ನು ತೆಗೆಯುವುದಕ್ಕೆ ಒಂದು ವಿದ್ಯೆಯಿದೆ. "ಕಾರಿನ ಜೊತೇಲೇ ಕ್ಯಾಮೆರಾನೂ ತಿರುಗಿಸ್ಬೇಕು ಮೇಷ್ಟ್ರೇ. ಆಗ ಕಾರು ನೀಟಾಗಿ ಬರುತ್ತೆ, ಹಿಂದಿರೋದೆಲ್ಲ ಗೆರೆ ಗೆರೆ ಆಗಿ ಓಡುತ್ತೆ" ಎಂದು ನಯಾಜ್ ಎಲ್ಲೋ ವಿಡಿಯೋ ನೋಡಿ ಬಂದು ಹೇಳಿದ. ಮರಳೂರಿನ ರಸ್ತೆ ಬದಿಯಲ್ಲಿ ನಿಂತು ಬಸ್ಸುಗಳ ಮೇಲೆ ಸಾಧನೆ ಶುರು ಮಾಡಿದೆ. ಬಸ್ಸು ಬಂದಂತೆ ಸೊಂಟದಿಂದ ಮೇಲೆ ಇಡೀ ದೇಹವನ್ನು ಗಿರಗಟ್ಟಲೆಯಂತೆ ತಿರುಗಿಸುವುದು. ಮೊದಲನೆಯ ಬಸ್ಸೇ ನನ್ನ ಮುಂದೆ ಗಕ್ಕನೆ ನಿಂತಿತು. "ಹತ್ತಿ ಸಾರ್, ಬೇಗ ಹತ್ತಿ! ಕೈ ತೋರ್ಸಿದ್ರೆ ಸಾಕಾಗಿತ್ತು, ಡ್ಯಾನ್ಸ್ ಯಾಕ್ ಮಾಡ್ತೀರ?" ಎಂದ ಕಂಡಕ್ಟರು. ನಾಚಿಕೆಯಿಂದ ಹತ್ತಿ ಮುಂದಿನ ಸ್ಟಾಪಿನಲ್ಲಿ ಇಳಿದೆ. ಆಗಲೇ ನನಗೆ ಎಚ್ಚರವಾಗಬೇಕಿತ್ತು.

ರೇಸಿನ ದಿನ ಬೆಳಿಗ್ಗೆಯಿಂದ ನಾನು ತೆಗೆದದ್ದೆಲ್ಲ ಧೂಳು. ಕೆಂಪು ಧೂಳು, ದಪ್ಪ ಧೂಳು, ನಡುವೆ ಒಬ್ಬ ಕಬ್ಬಿನಹಾಲಿನವನು. ಶಿವು ಮಾತ್ರ ಸುತ್ತಿನ ಮೇಲೆ ಸುತ್ತು ಗೆದ್ದು ಫೈನಲ್‌ಗೆ ಬಂದುಬಿಟ್ಟ. ಎದುರಾಳಿ ತಿಪಟೂರಿನವನು. ಗೆದ್ದವನಿಗೆ ಬಹುಮಾನದ ಕಪ್ಪು. ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಳೇ ಟೈರುಗಳ ಗುಡ್ಡೆಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದಳು. ನಾನು ಕೊನೆಯ ತಿರುವಿನಲ್ಲಿ ಜಾಗ ಹಿಡಿದೆ. ಇದು ನನ್ನ ಕಡೇ ಅವಕಾಶ. ಮೊಳೆ, ಗಡಿಯಾರ, ಅಟ್ಟ, ಎಲ್ಲವೂ ಕಣ್ಣ ಮುಂದೆ ಬಂದವು.

ಶಿವು ಮುಂದಿದ್ದ. ಚೆನ್ನಾಗಿಯೇ ಮುಂದಿದ್ದ. ತಿಪಟೂರಿನವನು ಅವನ ಧೂಳು ಕುಡಿಯುತ್ತ ಹಿಂದೆ ಬರುತ್ತಿದ್ದ. ನಾನು ಕಿಂಡಿಗೆ ಕಣ್ಣಿಟ್ಟು, ಕಾರನ್ನು ಹಿಡಿದು, ಕಲಿತ ಹಾಗೆ ಸೊಂಟ ತಿರುಗಿಸಿ ಗುಂಡಿ ಒತ್ತಿದೆ. ನೋಡುತ್ತೇನೆ, ಕಾರೇ ಇಲ್ಲ! ಅಯ್ಯೋ ಶಿವನೇ, ಇದೂ ಹಾರಿಹೋಯಿತೇ ಎಂದುಕೊಂಡೆ. ಆ ಕಡೆ ಬೀಸಿದೆ, ಈ ಕಡೆ ಬೀಸಿದೆ. ಫೋಟೋ ಮೇಲೆ ಫೋಟೋ ಬೀಳುತ್ತಿದ್ದರೂ ಗುಂಡಿಯ ಮೇಲಿದ್ದ ಬೆರಳನ್ನು ತೆಗೆಯುವುದನ್ನೂ ಮರೆತು, ಕಾರು ಹುಡುಕುತ್ತಾ ಕ್ಯಾಮೆರಾವನ್ನು ಮೊರದಂತೆ ಬೀಸುತ್ತಲೇ ಇದ್ದೆ. ಕೊನೆಗೆ ಸೋತು ಕ್ಯಾಮೆರಾ ಇಳಿಸಿದರೆ, ಕಾರು ನನ್ನ ಮೂಗಿನ ಮುಂದೆಯೇ ನಿಂತಿದೆ. ಶಿವು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆ ಬಾಚಿ, ಬಾಚಣಿಗೆ ಹಿಡಿದ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ನನ್ನ ಕಡೆ ನೋಡಿ ನಗುತ್ತಿದ್ದಾನೆ.

"ಬಂತಾ ಭಾವ? ಇನ್ನೊಂದು ತಗೋತೀರಾ?"

ತಿಪಟೂರಿನವನು ಪಕ್ಕದಲ್ಲೇ ಸುಯ್ಯೆಂದು ಹೋಗಿ ಗೆದ್ದ.

ಆಮೇಲೆ ಅಲ್ಲಿ ನಡೆದದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಟೈರಿನ ಗುಡ್ಡೆಯಿಂದ ಇಳಿದು ಬಂದ ಗಿರಿಜಾ ಕಾರಿನ ಬಾಗಿಲು ತೆಗೆದು ತಮ್ಮನ ಕಿವಿಗೇ ಕೈ ಹಾಕಿದಳು.

"ಯಾಕೋ ನಿಲ್ಲಿಸ್ದೆ? ಬುದ್ಧಿ ಗಿದ್ಧಿ ಇದ್ಯೇನೋ ನಿಂಗೆ? ಕಪ್ಪು ಕೈಗೆ ಬಂದಿತ್ತಲ್ಲೋ!"

"ಬುಡಕ್ಕ, ನೋಯ್ತದೆ! ನೀನೇ ತಾನೇ ಫೋನ್ ಮಾಡಿ ಹೇಳಿದ್ದು? ಈ ಸಲಾನೂ ಭಾವನ ಫೋಟೋ ಸರಿಯಾಗಿ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಅಟ್ಟ ಸೇರುತ್ತೆ, ಮನುಷ್ಯ ಮಂಕಾಗೋಗ್ತಾರೆ ಅಂತ. ಓಡೋದನ್ನ ಹಿಡಿಯೋದು ಅವ್ರ ಕೈಲಿ ಆಗಲ್ಲ ಅಂತಾನೂ ನೀನೇ ಅಂದೆ. ಅದಕ್ಕೇ ನಿಲ್ಲಿಸ್ದೆ. ಕಪ್ಪು ಮುಂದಿನ ಸಲಾನೂ ಇಡ್ತಾರೆ ಬುಡು."

ಗಿರಿಜಾಳ ಕೈ ಅವನ ಕಿವಿಯಿಂದ ಮೆಲ್ಲಗೆ ಜಾರಿತು. ಮನುಷ್ಯ ಮಂಕಾಗುತ್ತಾರೆ ಎಂದು ಇವಳು ಹೇಳಿದ್ದಳೇ? ನನ್ನ ಮುಂದೆ ಗಡಿಯಾರ ಒರೆಸಿದವಳು ತಮ್ಮನ ಹತ್ತಿರ ಹೀಗೆ ಹೇಳಿಕೊಂಡಿದ್ದಳೇ? ಕಪ್ಪು ಬಿಟ್ಟುಕೊಟ್ಟ ಹುಡುಗನಿಗೆ, "ಬಾಚಣಿಗೆ ಒಳಗಿಟ್ಕೊಳೋ" ಎಂದೆ. ಆ ವೀರಗಲ್ಲಿನ ಗುಟ್ಟು ಹೊಳೆದದ್ದೂ ಆಗಲೇ. ಶಿಲ್ಪಿ ಆ ವೀರನ ಅಕ್ಕನ ಗಂಡನೇ ಇರಬೇಕು. ವೀರ ಯುದ್ಧದ ನಡುವೆ ಕುದುರೆ ನಿಲ್ಲಿಸಿ, ಮೀಸೆ ತಿರುವಿ, ಬಂತಾ ಭಾವ ಎಂದು ಕೇಳಿರಬೇಕು. ಅಷ್ಟರಲ್ಲಿ ಬಾಣ ತಾಗಿತು. ಇಲ್ಲದಿದ್ದರೆ ಅಂಥ ವೀರ ಸಾಯುವುದೆಂದರೇನು?

ಮನೆಗೆ ಬಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ನನ್ನ ಕರ್ಮ! ನಿಂತ ಕಾರನ್ನು ನಾನು ಬೀಸುತ್ತಾ ತೆಗೆದದ್ದರಿಂದ ಒಂದೊಂದರಲ್ಲೂ ಇಡೀ ಲೋಕ ಗೆರೆಗೆರೆಯಾಗಿ ಎಳೆದುಹೋಗಿತ್ತು. ಜೀವಮಾನದಲ್ಲಿ ಮೊದಲ ಸಲ ಒಬ್ಬ ನನಗಾಗಿ ಅಲ್ಲಾಡದೆ ನಿಂತ; ಅಲ್ಲಾಡಿದವನು ನಾನು. ನಾನು ಅಟ್ಟದ ಕೆಳಗೆ ಸ್ಟೂಲ್ ತಂದು ಇಟ್ಟೆ. ಗಿರಿಜಾ ಪರದೆಯ ಮುಂದೆ ಕೂತು ಒಂದೊಂದೇ ಫೋಟೋ ಸರಿಸಿ ನೋಡಿದಳು.

"ರೀ, ಇದನ್ನ ದೊಡ್ಡದಾಗಿ ಹಾಕ್ಸಿ" ಎಂದಳು.

ಬಂದು ನೋಡಿದೆ. ಕಾರು ನೆಲ ಬಿಟ್ಟು ಹಾರುತ್ತಿದೆ. ಹಿಂದಿನ ಜನ, ಟೈರು, ಕೆರೆಯ ಏರಿ ಎಲ್ಲ ಬಾಣದಂತೆ ಓಡುತ್ತಿವೆ. ಶಿವುವಿನ ಬಾಚಿದ ತಲೆ ಎಳೆದು ಎಳೆದು ಕರಿಯ ಹೆಲ್ಮೆಟ್ಟಿನ ಹಾಗಾಗಿದೆ. ಬಾಚಣಿಗೆ ಮಾಯವಾಗಿ, ಹೊರಗೆ ಚಾಚಿದ ಕೈ ಮಾತ್ರ ಉಳಿದಿದೆ. ಪ್ರಪಂಚದಲ್ಲಿ ಇಷ್ಟು ವೇಗವಾಗಿ ಯಾವ ಕಾರೂ ಓಡಿರಲಿಕ್ಕಿಲ್ಲ.

ಈಗ ಅದು ಮೊಳೆಯ ಮೇಲಿದೆ. ಬಂದವರೆಲ್ಲ ಬಾಯಿ ಬಿಟ್ಟು ನೋಡುತ್ತಾರೆ. "ಏನ್ ಸ್ಪೀಡ್ ಕಣ್ರೀ! ಅಷ್ಟು ಸ್ಪೀಡಲ್ಲೂ ಜನಕ್ಕೆ ಕೈ ಬೀಸ್ತಾವ್ನಲ್ಲ" ಎನ್ನುತ್ತಾರೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಕಾಫಿ ತರುತ್ತೇವೆ. ಯುಗಾದಿಗೆ ಬಂದಾಗ ಶಿವು ಅದರ ಮುಂದೆ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತ.

"ಭಾವ, ನಾನು ನಿಂತಿದ್ದೆ ಅಲ್ವಾ?"

"ನಿಂತಿದ್ದೆ ಕಣೋ."

"ಮತ್ತೆ ಇಲ್ಲಿ ಗೆಲ್ತಾ ಇದೀನಲ್ಲ?"

ಗಿರಿಜಾ ಅವನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿ, ಅದರ ಮೇಲೆ ಧಾರಾಳವಾಗಿ ತುಪ್ಪ ಸುರಿದಳು.

ಗಡಿಯಾರ ಅಟ್ಟಕ್ಕೆ ಹೋಯಿತು. ಬ್ಯಾಟರಿ ತೆಗೆಯುವುದನ್ನು ಇಬ್ಬರೂ ಮರೆತಿದ್ದೇವೆ. ಗಂಟೆಗೊಮ್ಮೆ ನನ್ನ ಹಾರ್ಮೋನಿಯಂ ಪಕ್ಕದಿಂದ ಆ ಹಕ್ಕಿ ಕೂಗುತ್ತದೆ. ಅಭ್ಯಾಸ ಬಲ ನೋಡಿ, ನಾನು ಕ್ಯಾಮೆರಾ ಹಿಡಿದು ತಲೆ ಎತ್ತುತ್ತೇನೆ. ಅಷ್ಟರಲ್ಲಿ ಅದು ಒಳಗೆ ಹೋಗಿರುತ್ತದೆ.