ಮುಂದಿನ ಎರಡು ಚಕ್ರ ಅಪ್ಪನವು

ನಮ್ಮ ಮನೆಯಲ್ಲಿ ಕಾರು ಪಾಲಾದದ್ದು ಹೀಗೆ: ಮುಂದಿನ ಎರಡು ಚಕ್ರ ಅಪ್ಪನಿಗೆ, ಹಿಂದಿನ ಎರಡು ಚಿಕ್ಕಪ್ಪನಿಗೆ, ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಅಜ್ಜಿಗೆ. ಎಂಜಿನ್ನು ಮೂವರದ್ದೂ.

ಕಾಲೇಜಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ತಾತ ತೀರಿಕೊಂಡ ಮೇಲೆ ರಾಜಾಜಿನಗರದ ಮನೆಗೆ ನಡುವೆ ಗೋಡೆ ಎಬ್ಬಿಸಿದರು. ಮುಂಭಾಗ ನಮಗೆ, ಹಿಂಭಾಗ ಚಿಕ್ಕಪ್ಪನಿಗೆ. ತಾತನ ಹಳೆಯ ಕಪ್ಪು ಕಾರಿಗೆ ಗೋಡೆ ಎಬ್ಬಿಸಲು ಬರಲಿಲ್ಲ. ಪಾಲಿನ ದಿನ ಅಪ್ಪ ಚಿಕ್ಕಪ್ಪನ ಕೂದಲು ಹಿಡಿದು ತಲೆಯನ್ನು ಅದೇ ಕಾರಿನ ಬಾನೆಟ್ಟಿಗೆ ಕುಟ್ಟಿದ. ಚಿಕ್ಕಪ್ಪ ಅಪ್ಪನ ಕನ್ನಡಕ ಕಿತ್ತು ಚಪ್ಪಲಿಯಲ್ಲಿ ಅರೆದ. ಬಾನೆಟ್ಟಿನ ಮೇಲೆ ತಗ್ಗು ಇನ್ನೂ ಇದೆ.

ಅವತ್ತು ಪಂಚರಲ್ಲಿ ಹಿರಿಯರಾಗಿ ಕೂತಿದ್ದವರು ಅಜ್ಜಿಯ ಸ್ವಂತ ತಮ್ಮ. ಬಸವೇಶ್ವರನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದರು. ನಾನು ಅವರನ್ನು ಸ್ಕೂಟರ್ ಅಜ್ಜ ಎಂದೇ ಕರೆಯುತ್ತೇನೆ. ಚಕ್ರ ಹಂಚಿದ್ದು ಅವರೇ. ಜೊತೆಗೆ ಒಂದು ಷರತ್ತು ಹಾಕಿ ಇಬ್ಬರ ಸಹಿಯನ್ನೂ ತೆಗೆದುಕೊಂಡರು. ಅಣ್ಣತಮ್ಮಂದಿರು ಇನ್ನೊಮ್ಮೆ ಕೈ ಮಾಡಿದರೆ ಕಾರು ಮಾರಿ ದುಡ್ಡು ಹಂಚುವುದು. ಅಪ್ಪ ಸರ್ಕಾರಿ ಕಚೇರಿಯ ನೌಕರ. ಕಾರು ಹೋದರೆ ಅವನು ಬಸ್ಸಿಗೆ ಹೋದಾನು. ಚಿಕ್ಕಪ್ಪನಿಗೆ ಹಾಗಲ್ಲ. ಅವನು ಮಗ್ಗದವರಿಂದ ಸೀರೆ ಎತ್ತಿ, ಗಂಟು ಕಟ್ಟಿ, ಹಿಂದಿನ ಸೀಟಿಗೆ ತುಂಬಿ ರಾಮನಗರ, ಚನ್ನಪಟ್ಟಣ, ಮದ್ದೂರಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದ. ಕಾರು ಹೋದರೆ ಅವನ ವ್ಯಾಪಾರ ಅವತ್ತಿಗೇ ನಿಲ್ಲುತ್ತಿತ್ತು. ಅವನಿಗೆ ಇಬ್ಬರು ಚಿಕ್ಕ ಮಕ್ಕಳು.

ನಾನು ಎಸ್ಸೆಸ್ಸೆಲ್ಸಿ ಮುಗಿದಾಗಿನಿಂದ ಡೈರಿ ಇಟ್ಟಿದ್ದೇನೆ. ಮಳೆ ಬಂದ ದಿನ, ಹಾಲಿನವನು ತಪ್ಪಿಸಿದ ದಿನ, ಇವರಿಬ್ಬರ ಜಗಳದ ದಿನ, ಎಲ್ಲಕ್ಕೂ ಗುರುತಿದೆ. ಬಾಯಿ ಜಗಳಕ್ಕೆ ಚುಕ್ಕೆ, ಕೈ ಜಗಳಕ್ಕೆ ಗೀಟು. ಷರತ್ತಿನ ನಂತರದ ಪುಟಗಳಲ್ಲಿ ಚುಕ್ಕೆಗಳು ಇರುವೆ ಸಾಲಿನಂತೆ ಹರಡಿವೆ. ಗೀಟು ಒಂದೂ ಇಲ್ಲ. ಟೈರು ಸವೆಯುವವರೆಗೆ.

ಪೆಟ್ರೋಲಿನ ಬೆಲೆ ಏರಿದ ಮರುವರ್ಷ ನಾಲ್ಕೂ ಟೈರು ಬೋಳಾದವು. ಹೊಸ ಟೈರು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಕಂಟ್ರೋಲ್ ಬೆಲೆಗೆ ಬೇಕೆಂದರೆ ಹೆಸರು ಬರೆಸಿ ಕಾಯಬೇಕು, ಬ್ಲಾಕಿನಲ್ಲಿ ಬೇಕೆಂದರೆ ಕಿಸೆ ಖಾಲಿ ಮಾಡಬೇಕು. ಇಲ್ಲವೆಂದರೆ ರಿಸೋಲ್ ಟೈರು, ಅಂದರೆ ಸವೆದ ಟೈರಿನ ಮೈಮೇಲೆ ಹೊಸ ರಬ್ಬರು ಕಾಯಿಸಿ ಅಂಟಿಸಿದ್ದು. ಅಪ್ಪ ಕಚೇರಿಯವರ ಪರಿಚಯ ಹಿಡಿದು, ಕಾದು, ತನ್ನ ಪಾಲಿಗೆ ಹೊಸ ಜೋಡಿ ತಂದ. ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಮೈಸೂರು ರಸ್ತೆಯ ಅಂಗಡಿಗಳನ್ನು ಸುತ್ತಿದ.

ಪುಸ್ತಕ ಪೆನ್ನು ಹಿಡಿದು ಒಳಗೆ ಹೋದ ನನ್ನನ್ನು ಕಂಡು ಅಂಗಡಿಯವನು ಕೆಲಸದವನಿಗೆ ಕಣ್ಣು ಹೊಡೆದ. "ಏನಮ್ಮಾ, ಆರ್‌ಟಿಓ ಕಡೆಯಿಂದ ಬಂದ್ರಾ?"

"ನಮ್ಮಣ್ಣನ ಮಗಳು," ಅಂದ ಚಿಕ್ಕಪ್ಪ. "ಬರ್ಕೊಳ್ದಿದ್ರೆ ಅನ್ನ ಸೇರಲ್ಲ ಇವಳಿಗೆ. ನೀವು ರೇಟ್ ಹೇಳ್ರಿ."

ಅಂಗಡಿಯವನು ರಿಸೋಲ್ ಟೈರುಗಳನ್ನು ಉರುಳಿಸಿ ತಂದ. ಕೈ ಒಳಗೆ ಹಾಕಿ ಸವರಿ ನೋಡಬೇಕು, ಟೈರಿನ ಪಕ್ಕೆ ಒತ್ತಿದರೆ ಬಿರುಕು ಬಾಯಿ ಬಿಡಬಾರದು, ಒಂದು ಜೋಡಿ ಅಂದರೆ ಎರಡೂ ಒಂದೇ ಎತ್ತರ ಇರಬೇಕು. ಎಲ್ಲ ಬರೆದುಕೊಂಡೆ. ಕಡಿಮೆ ಬೆಲೆಯ ಜೋಡಿಯಲ್ಲಿ ಒಂದಕ್ಕೆ ಒಳಗೆ ಅಂಗೈಯಷ್ಟು ತೇಪೆ ಇತ್ತು. ಚಿಕ್ಕಪ್ಪ ಅದರ ಮೇಲೇ ಬೆರಳಾಡಿಸುತ್ತ ನಿಂತ.

"ಹಿಂದಕ್ಕಾದ್ರೆ ತಗೊಳ್ಳಿ ಸಾರ್," ಅಂದ ಅಂಗಡಿಯವನು. "ಮುಂದಕ್ಕಾದ್ರೆ ನಾನು ಕೊಡಲ್ಲ. ಮುಂದಿನ್ದು ಒಡೆದ್ರೆ ಸ್ಟೇರಿಂಗ್ ಕೈಲಿ ನಿಲ್ಲಲ್ಲ."

"ಮುಂದಿನ್ದು ನಂದಲ್ಲಪ್ಪ. ನಮ್ಮಣ್ಣಂದು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಪುಟ ತಿರುವಿ, ಚಿಕ್ಕಪ್ಪ ಕೊಂಡ ಆ ಜೋಡಿಯ ಬೆಲೆ ಬರೆದುಕೊಂಡೆ.

ಶ್ರಾವಣದ ಒಂದು ಭಾನುವಾರ ಅಪ್ಪ ಅಜ್ಜಿಯನ್ನೂ ನನ್ನನ್ನೂ ಕೂರಿಸಿಕೊಂಡು ಕೆಂಗೇರಿಯ ನೆಂಟರ ಮನೆಗೆ ಹೊರಟ. ಊರು ದಾಟಿ, ಹುಣಸೆ ಮರಗಳ ನಡುವೆ ಸ್ವಲ್ಪ ವೇಗ ಹಿಡಿದಿದ್ದಷ್ಟೇ. ಪಟಾಕಿ ಅಂಗಡಿ ಸಿಡಿದಂತೆ ಸದ್ದಾಯಿತು. ಕಾರು ಎಡಕ್ಕೆ ಎಳೆದುಕೊಂಡು ಹೋಯಿತು. ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಜಗ್ಗುತ್ತಿದ್ದದ್ದು ಹಿಂದಿನಿಂದ ಕಾಣುತ್ತಿತ್ತು, ಅದು ಅವನ ಮಾತು ಕೇಳಲಿಲ್ಲ. ಮೈಲಿಗಲ್ಲು ಬಂಪರನ್ನು ಕಿತ್ತಿತು, ಮರ ಬಾಗಿಲನ್ನು ಒಳಗೆ ತಳ್ಳಿತು. ಅಪ್ಪನ ಬಾಯಿ ಸ್ಟೇರಿಂಗಿಗೆ ಬಡಿದು ತುಟಿ ಸೀಳಿತು. ಅಜ್ಜಿ ನನ್ನ ಮೇಲೆ ಬಿದ್ದಳು. ಬಿದ್ದಲ್ಲಿಂದಲೇ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು. ಒಳಗಿನ ಲಿಂಗಕ್ಕೆ ಏನೂ ಆಗಿರಲಿಲ್ಲ.

ಅಪ್ಪ ಇಳಿದು ಮಂಡಿಯೂರಿ ಮುಂದಿನ ಎಡ ಚಕ್ರ ನೋಡಿದ. ರಕ್ತ ಗಲ್ಲದಿಂದ ಷರ್ಟಿಗೆ ತೊಟ್ಟಿಕ್ಕುತ್ತಿತ್ತು. ಹರಿದ ರಬ್ಬರಿನ ಒಳಗಿಂದ ಅಂಗೈಯಷ್ಟು ತೇಪೆ ನಾಲಿಗೆಯಂತೆ ಜೋತುಬಿದ್ದಿತ್ತು. ಎದ್ದು ಹಿಂದಕ್ಕೆ ಹೋದ. ಕೆಸರು ಒರೆಸಿದ. ಅವನ ಹೊಸ ಟೈರುಗಳೆರಡೂ ಅಲ್ಲಿದ್ದವು.

ಅಜ್ಜಿಯ ಸ್ಟೆಪ್ನಿ ಹಾಕಿಕೊಂಡು ಮನೆಗೆ ಬಂದೆವು. ಚಕ್ರದ ನಟ್ಟು ಬಿಚ್ಚುವ ಪಾನಾ ದಾರಿಯುದ್ದಕ್ಕೂ ಅಪ್ಪನ ತೊಡೆಯ ಮೇಲೇ ಇತ್ತು.

ಚಿಕ್ಕಪ್ಪ ಅಂಗಳದಲ್ಲಿ ಸೀರೆ ಗಂಟು ಕಟ್ಟುತ್ತಿದ್ದ.

"ಯಾವಾಗ ಬದಲಾಯ್ಸಿದ್ಯೋ?"

ಚಿಕ್ಕಪ್ಪ ಒಳಬಾಗಿದ ಬಾಗಿಲು ನೋಡಿದ, ಅಣ್ಣನ ತುಟಿ ನೋಡಿದ. "ಮೊನ್ನೆ ಪಂಕ್ಚರ್ ಆದಾಗ. ಭಾರ ಎಲ್ಲಾ ಹಿಂದೆ ಬೀಳ್ತದೆ, ಅಣ್ಣ. ಆರು ಗಂಟು ಸೀರೆ. ನಿನ್ ಕಡೆ ಭಾರ ಎಲ್ಲೈತೆ? ಗಟ್ಟಿ ಟೈರು ಭಾರ ಇದ್ದಲ್ಲಿ ಇರ್ಲಿ ಅಂತ."

"ನನ್ ಚಕ್ರ ಕದ್ದೆ."

"ಕದ್ದು ಎಲ್ಲಿಟ್ಟೆ? ಅದೇ ಕಾರಲ್ಲೇ ಐತಲ್ಲ."

"ಅವ್ವ ಇದ್ಲು ಕಾರಲ್ಲಿ."

"ನೀ ಓಡ್ಸೋ ರೀತಿಗೆ ಹೊಸ ಟೈರಿದ್ರೂ ಅವ್ವನ್ನ ಮರಕ್ಕೇ ಗುದ್ದಸ್ತಿದ್ದೆ."

ಪಾನಾ ಚಿಕ್ಕಪ್ಪನ ಭುಜಕ್ಕೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಅವನು ಗಂಟುಗಳ ಮೇಲೆ ಕುಸಿದ, ಅಲ್ಲಿಂದಲೇ ಅಪ್ಪನ ಕಾಲಿಗೆ ಒದ್ದು ಬೀಳಿಸಿದ. ಇಬ್ಬರೂ ಸೀರೆಗಳ ಮೇಲೆ ಉರುಳಾಡಿದರು. ಚಿಕ್ಕಪ್ಪ ಸೀಳಿದ್ದ ತುಟಿಗೇ ಗುದ್ದಿದ. ಅಪ್ಪ ಅವನ ಕುತ್ತಿಗೆಗೆ ಸೀರೆಯ ಅಂಚು ಸುತ್ತಿ ಎಳೆದ, ಕಣ್ಣು ಮೇಲಾಗುವವರೆಗೆ ಎಳೆದ. ಅಮ್ಮ ಅಪ್ಪನ ಬೆನ್ನಿಗೆ ಬಿಂದಿಗೆಯಿಂದ ಹೊಡೆದಳು, ಆದರೂ ಅವನು ಬಿಡಲಿಲ್ಲ. ಚಿಕ್ಕಮ್ಮ ಮಕ್ಕಳ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು. ಉಸಿರು ಕಟ್ಟಿದ ಚಿಕ್ಕಪ್ಪ ತಲೆ ಹೊರಳಿಸಿ ಅಪ್ಪನ ಮುಂಗೈ ಕಚ್ಚಿದ. ಹಲ್ಲು ಇಳಿಯಿತು. ಅಪ್ಪ ಬಿಟ್ಟ.

ಕಾಂಪೌಂಡಿನಾಚೆ ಜನ ನಿಂತಿದ್ದರು. ಎದುರು ಮನೆಯವರ ಹುಡುಗ ಆಗಲೇ ಸೈಕಲ್ಲು ಹತ್ತಿ ಬಸವೇಶ್ವರನಗರದ ಕಡೆ ಹೋಗಿದ್ದ.

ಏನು ಕಳೆದುಕೊಂಡೆ ಎಂದು ಚಿಕ್ಕಪ್ಪನಿಗೆ ಆಗ ಹೊಳೆಯಿತು. "ಮಾವ ಬರ್ತಾನೆ," ಅಂದ. ಗಂಟಲಿನಿಂದ ಗಾಳಿ ಮಾತ್ರ ಬಂತು. "ಕಾರು ಹೋತು. ಅಣ್ಣ, ಬಿದ್ದೆ ಅಂತ ಹೇಳಾಣ."

ಅಪ್ಪ ಗೋಡೆಗೆ ಒರಗಿ ಕೂತು ರಕ್ತ ಉಗುಳಿದ. "ಹೇಳು. ನನಗೇನು."

"ಅವ್ವನ್ನ ಕೇಳ್ತಾನೆ ಅವನು. ಅವ್ವ ಸುಳ್ಳು ಹೇಳಂಗಿಲ್ಲ."

ಅದು ನಿಜ. ಲಿಂಗ ಕಟ್ಟಿದ ಕೊರಳಿನಿಂದ ಸುಳ್ಳು ಬರಬಾರದು ಎಂದು ಅಜ್ಜಿ ಹಾಲಿನವನ ಲೆಕ್ಕದಲ್ಲೂ ಪಾಲಿಸುತ್ತಿದ್ದವಳು. ಈವರೆಗೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅವಳು ಎದ್ದು ಬಚ್ಚಲಿಗೆ ಹೋದಳು. ಒಲೆಗೆಂದು ಒಟ್ಟಿದ್ದ ಕಟ್ಟಿಗೆಯಲ್ಲಿ ಒಂದನ್ನು ಆರಿಸಿ ತಂದಳು. ಮೊದಲ ಏಟು ಚಿಕ್ಕಪ್ಪನಿಗೆ, ಅದೇ ಭುಜಕ್ಕೆ. ಅವನು ನಾಯಿಯಂತೆ ಕೂಗಿದ. ಎರಡನೆಯದು ಅಪ್ಪನ ಕೆನ್ನೆಗೆ. ಆಮೇಲೆ ಅವಳು ಲೆಕ್ಕ ಇಡಲಿಲ್ಲ, ನಾನೂ ಇಡಲಿಲ್ಲ. ಬೆನ್ನು, ತೊಡೆ, ತಲೆ ಮುಚ್ಚಿಕೊಂಡ ಕೈಗಳು. ನಡುನಡುವೆ ನಿಂತು ಉಸಿರು ತೆಗೆದುಕೊಂಡು ಮತ್ತೆ ಹೊಡೆದಳು. ಇಬ್ಬರೂ ಏಳಲಿಲ್ಲ, ಕೈ ಹಿಡಿಯಲಿಲ್ಲ. ಅಪ್ಪನಿಗೆ ಆಗಲೇ ತಲೆಯಲ್ಲಿ ಬಿಳಿ ಕೂದಲಿತ್ತು.

ಸ್ಕೂಟರಿನ ಸದ್ದು ಕೇಳಿದಾಗ ಕಟ್ಟಿಗೆ ಅವಳ ಕೈಯಲ್ಲೇ ಇತ್ತು.

ಸ್ಕೂಟರ್ ಅಜ್ಜ ಒಳಗೆ ಬಂದು ಹರಿದ ಸೀರೆಗಳನ್ನು, ಕಾರನ್ನು, ಸೋದರಳಿಯರನ್ನು ನಿಧಾನವಾಗಿ ನೋಡಿದರು. "ಯಾರು ಹೊಡದದ್ದು ಅಕ್ಕಾ ಇವ್ರನ್ನ?"

"ನಾನು."

"ಇಬ್ರನ್ನೂ?"

"ಇಬ್ರನ್ನೂ ಹಡದಾಕಿ ನಾನ ಅಲ್ಲೇನು? ತಾಯಿ ಹೊಡದ್ರ ಕಾರು ಮಾರಬೇಕು ಅಂತ ಬರದೀಯೇನು ನಿನ್ ಕಾಗದದಾಗ?"

ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಅಪ್ಪನ ಹತ್ತಿರ ಬಾಗಿ, ಅವನು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದ ಕೈಯನ್ನು ಎಳೆದು ಬೆಳಕಿಗೆ ಹಿಡಿದರು. ಮೇಲೆ ಕೆಳಗೆ ಎರಡು ಸಾಲು ಹಲ್ಲಿನ ಗುರುತು ಸ್ಪಷ್ಟವಾಗಿ ಕೂತಿತ್ತು.

"ಕಟ್ಟಿಗಿ ಹಿಂಗ ಕಚ್ಚಂಗಿಲ್ಲಲ್ಲ, ಅಕ್ಕಾ."

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ. ಅಜ್ಜಿಯ ಬಾಯಲ್ಲಿ ಉಳಿದಿದ್ದದ್ದು ಎರಡು ಹಲ್ಲು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ತಿನ್ನುತ್ತಿದ್ದಳು. ಅವಳು ಕಟ್ಟಿಗೆ ಕೆಳಗಿಟ್ಟಳು. ತಮ್ಮನ ಕೈಯಿಂದ ಮಗನ ಕೈಯನ್ನು ತೆಗೆದುಕೊಂಡು, ಬಾಗಿ, ಅದೇ ಗಾಯದ ಮೇಲೆ ಬಾಯಿಟ್ಟು ಕಚ್ಚಿದಳು. ಅವಳ ದವಡೆಯ ನರ ಉಬ್ಬಿತು. ಅಜ್ಜಿ ತಲೆ ಎತ್ತಿದಾಗ ಅವಳ ತುಟಿ ಕೆಂಪಾಗಿತ್ತು.

"ನಾನ ಕಚ್ಚೀನಿ," ಅಂದಳು. "ಇನ್ನೇನಾರ ಕೇಳೂದೈತಿ?"

ಸ್ಕೂಟರ್ ಅಜ್ಜ ಕಟ್ಟೆಯ ಮೇಲೆ ಕೂತರು. ಅಮ್ಮ ಹಾಲು ತಂದುಕೊಟ್ಟಳು. ಕುಡಿದು ಮುಗಿಸುವವರೆಗೂ ಅವರು ಅಕ್ಕನ ಮುಖವನ್ನೇ ನೋಡುತ್ತಿದ್ದರು. ಲೋಟ ಕೆಳಗಿಟ್ಟು, "ಇನ್ನ ಮ್ಯಾಲೆ ನಾಕೂ ಒಂದೇ ಥರದ್ದು ಹಾಕಸ್ರಿ. ಚಕ್ರ ಹಂಚಿದ್ದು ನಂದ ತಪ್ಪು," ಅಂದು ಸ್ಕೂಟರ್ ಹತ್ತಿ ಹೋದರು. ಕಾರಿನ ಮಾತೆತ್ತಲಿಲ್ಲ.

ಆ ರಾತ್ರಿ ಡೈರಿ ತೆರೆದು ಒಂದೇ ಒಂದು ಗೀಟು ಹಾಕಿದೆ. ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ತಿಳಿಯಲಿಲ್ಲ.

ಸೋಮವಾರ ಚಿಕ್ಕಪ್ಪನಿಗೆ ಒಂದು ಕೈ ಎತ್ತಲು ಆಗುತ್ತಿರಲಿಲ್ಲ. ಚಿಕ್ಕಮ್ಮನೂ ನಾನೂ ಹರಿಯದೆ ಉಳಿದ ಸೀರೆಗಳ ಗಂಟು ಕಟ್ಟಿ ಸೀಟಿಗೆ ತುಂಬಿದೆವು. ಅಪ್ಪ ಕಚೇರಿಗೆ ರಜೆ ಹಾಕಿದ್ದ. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು ಹೊರಗೆ ಬಂದ, ಹಿಂದಿನ ಒಂದು ಹೊಸ ಟೈರು ಬಿಚ್ಚಬೇಕೆಂದು ನನಗೆ ತೋರಿಸಿದ. ಚಿಕ್ಕಪ್ಪ ಒಂಟಿ ಕೈಯಲ್ಲಿ ಜಾಕ್ ತಿರುಗಿಸಿದ, ಅಪ್ಪ ಒಂಟಿ ಕೈಯಲ್ಲಿ ನಟ್ಟು ಬಿಚ್ಚಿದ, ನಾನು ಚಕ್ರ ಹಿಡಿದುಕೊಂಡೆ. ಹೊಸವೆರಡನ್ನೂ ಮುಂದಕ್ಕೆ ತಂದು, ಸ್ಟೆಪ್ನಿಯನ್ನೂ ಉಳಿದ ರಿಸೋಲನ್ನೂ ಹಿಂದಕ್ಕೆ ಹಾಕಿದೆವು. ಅಷ್ಟು ಹೊತ್ತೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮದ್ದೂರಿಗೆ ಹೋಗ್ಬೇಡ, ಸ್ಟೆಪ್ನಿ ಇಲ್ಲ," ಅಂದ ಅಪ್ಪ ಚಕ್ರ ನೋಡುತ್ತ. "ರಾಮನಗರದಿಂದ ವಾಪಸ್ ಬಾ."

ಚಿಕ್ಕಪ್ಪ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಕಾರು ಹೊರಗೆ ತೆಗೆದ. ಮದ್ದೂರಿಗೆ ಹೋದ ದಿನ ಅವನು ಬರುವುದು ಕತ್ತಲಾದ ಮೇಲೆ. ಅವತ್ತು ಮಧ್ಯಾಹ್ನ ಊಟದ ಹೊತ್ತಿಗೇ ಕಾರು ಅಂಗಳದಲ್ಲಿತ್ತು.